ಬೆಂಗಳೂರಿಂದ ಲಂಡನ್ನಿಗೆ ಬರೀ ಆರು ತಾಸಾ?

ಶಿರಸಿಯಿಂದ ಅಮ್ಮ ಒಬ್ಬರೇ ಲಂಡನ್ನಿಗೆ ಹೊರಟಿದ್ದಾರೆ, ಮೇ ತಿಂಗಳ ಟಿಕೆಟ್ಟಿನಲ್ಲಿ ಮಧ್ಯಾಹ್ನ 1ಕ್ಕೆ ಹೊರಟು ಸಂಜೆ 7ಕ್ಕೆ ತಲುಪುತ್ತದೆ ಎಂದಿದೆ, ಆರೇ ತಾಸಾ ಅಂತ ಕೇಳಿದ್ದೀರಿ.

ಅಲ್ಲ, ಹತ್ತೂವರೆ ತಾಸು. ಟಿಕೆಟ್ಟಿನಲ್ಲಿ ಆಯಾ ಊರಿನ ಗಡಿಯಾರದ ಹೊತ್ತು ಇರುತ್ತದೆ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ, ಚಳಿಗಾಲದಲ್ಲಿ ಐದೂವರೆ. ಅದನ್ನು ಕೂಡಿಸಿಕೊಳ್ಳಬೇಕು.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 8,000 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ ಒಂಬತ್ತು ತಾಸು ಆಗಬೇಕಿತ್ತು, ಅಲ್ವಾ? ಆದರೆ ಏರಲು, ಇಳಿಯಲು ಹೊತ್ತು ಹಿಡಿಯುತ್ತದೆ. ಯುದ್ಧ ನಡೆಯುವ ಕಡೆ ಸುತ್ತಿ ಹೋಗಬೇಕು. ಜೊತೆಗೆ ಗಾಳಿಯ ಆಟವೂ ಇದೆ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿ ಹರಿಯುತ್ತದೆ. ಅದಕ್ಕೇ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಹೋಗುವಾಗ ಅದು ಎದುರಿಗೆ, ಬರುವಾಗ ಬೆನ್ನಿಗೆ. ಹಾಗಾಗಿ ವಾಪಸ್ ಬರುವ ಪಯಣ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ.

ಶಿರಸಿಯಿಂದ ಬೆಂಗಳೂರಿಗೇ ಸುಮಾರು 400 ಕಿ.ಮೀ. ಇದೆ. ಅದೇ ದಿನದ ಬಸ್ಸು ನಂಬಬೇಡಿ. ಅಮ್ಮನನ್ನು ಹಿಂದಿನ ದಿನವೇ ಕರೆದುಕೊಂಡು ಬನ್ನಿ, ಒಂದು ರಾತ್ರಿ ನಿದ್ದೆ ಮಾಡಲಿ.