ಫ್ಲೋರಿಡಾ ಕಡಲಲ್ಲಿ ಮುಳುಗಿದ ಹಳೆಯ ಹಡಗಿನ ಚಿನ್ನ ಎತ್ತಿದವರ ಪಾಲಾಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಮಾಲೀಕರು ಕೈಬಿಟ್ಟ ಹಡಗುಗಳ ಕುರಿತು ಅಮೆರಿಕದಲ್ಲಿ 1987ರ ಕಾಯಿದೆಯೊಂದಿದೆ. ಅದರಂತೆ, ರಾಜ್ಯದ ಜಲಸೀಮೆಯ ತಳದಲ್ಲಿ ಹೂತುಹೋದ ಇಂತಹ ಹಡಗು ರಾಜ್ಯ ಸರ್ಕಾರದ ಸ್ವತ್ತು. ಕಂಡವನಿಗೇ ನಿಧಿ ಎಂಬ ಹಳೆಯ ಕಡಲ ಕಾನೂನು ಅಲ್ಲಿ ನಡೆಯುವುದಿಲ್ಲ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಫ್ಲೋರಿಡಾ ಮೊದಲು ಶೋಧನೆಗೆ ಪರವಾನಗಿ ಕೊಡುತ್ತದೆ: ದೋಣಿಯ ಹಿಂದೆ ಮ್ಯಾಗ್ನೆಟೋಮೀಟರ್ ಎಳೆದು ಕಬ್ಬಿಣದ ಸುಳಿವು ಹಿಡಿಯಬೇಕು, ಪರೀಕ್ಷಾ ಗುಂಡಿ ತೋಡಬೇಕು, ವರದಿ ಒಪ್ಪಿಸಬೇಕು. ವಸ್ತುಗಳನ್ನು ಮೇಲೆತ್ತುವ ಪರವಾನಗಿ ಆಮೇಲಿನ ಮಾತು. ಅರ್ಹ ಪುರಾತತ್ತ್ವಜ್ಞರಿಲ್ಲದೆ ಅರ್ಜಿ ಮುಂದೆ ಹೋಗದು. ಸಿಕ್ಕಿದ್ದರಲ್ಲಿ ಸರ್ಕಾರಕ್ಕೂ ಪಾಲುಂಟು. ಪ್ರೊಪೆಲರ್ ತಳ್ಳುವ ನೀರನ್ನು ಬಾಗಿದ ದಪ್ಪ ಕೊಳವೆಯಿಂದ ಕೆಳಕ್ಕೆ ತಿರುಗಿಸಿ ಮರಳು ಚದುರಿಸುವುದು ಇಲ್ಲಿನವರ ರೂಢಿ. ಅದಕ್ಕೆ ಸೇನೆಯ ಎಂಜಿನಿಯರ್ ದಳದ ಅನುಮತಿ ಬೇರೆ ಬೇಕು!

ಪರದೇಶದ ಯುದ್ಧನೌಕೆಯಾದರೆ ಆಸೆಯನ್ನೇ ಬಿಡುವುದು ಲೇಸು. ಸ್ಪೇನಿನ 'ಮರ್ಸಿಡಿಸ್' ಹಡಗಿನ ಐದು ಲಕ್ಷಕ್ಕೂ ಹೆಚ್ಚು ನಾಣ್ಯಗಳನ್ನು ಒಡಿಸ್ಸಿ ಕಂಪನಿ 2007ರಲ್ಲಿ ಅಟ್ಲಾಂಟಿಕ್ ತಳದಿಂದ ಎತ್ತಿ ಫ್ಲೋರಿಡಾಕ್ಕೆ ತಂದಿತ್ತು. ನ್ಯಾಯಾಲಯದ ಆದೇಶದಂತೆ 2012ರಲ್ಲಿ ಅವೆಲ್ಲ ಸ್ಪೇನಿಗೆ ಮರಳಿದವು. ಕಂಪನಿಗೆ ಎತ್ತಿದ ಕೂಲಿಯೂ ಗಿಟ್ಟಲಿಲ್ಲ.