ಕ್ವಾರಂಟೈನ್ ಆದ ವೈರಸ್ ಮತ್ತೆ ಬರುವುದೇಕೆ?

ಪ್ರಶ್ನೆ: ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿಯಿದೆ. ಪ್ರಾಜೆಕ್ಟ್ ವರದಿ ಮುದ್ರಿಸಲು ವಿದ್ಯಾರ್ಥಿಗಳು ಪೆನ್‌ಡ್ರೈವ್ ತರುತ್ತಾರೆ. ವಿಂಡೋಸ್‌ನಲ್ಲೇ ಇರುವ ಆಂಟಿವೈರಸ್ ಆದ ಡಿಫೆಂಡರ್ ಒಂದು ವೈರಸ್ಸನ್ನು ಹಿಡಿದು ಕ್ವಾರಂಟೈನ್ ಮಾಡಿತೆಂದು, ಅಂದರೆ ಬೇರೆಡೆ ಕೂಡಿಹಾಕಿತೆಂದು ತೋರಿಸುತ್ತದೆ. ಎರಡು ದಿನ ಕಳೆದರೆ ಮತ್ತೆ ಅದೇ ಹೆಸರು. ಹಿಡಿದ ಮೇಲೂ ಬರುವುದು ಹೇಗೆ?

ಉತ್ತರ: ಡಿಫೆಂಡರ್ ಹಿಡಿದದ್ದು ಆ ಒಂದು ಪ್ರತಿಯನ್ನು ಮಾತ್ರ, ಅದು ಬರುವ ದಾರಿ ಇನ್ನೂ ತೆರೆದೇ ಇದೆ. ಡಿಫೆಂಡರಿನ ಹಿಂದಿನ ಎಚ್ಚರಿಕೆಗಳ ಪಟ್ಟಿಯಾದ ‘ಪ್ರೊಟೆಕ್ಷನ್ ಹಿಸ್ಟರಿ’ಗೆ ಹೋಗಿ, ಎಚ್ಚರಿಕೆಯ ವಿವರದಲ್ಲಿರುವ ಫೈಲಿನ ವಿಳಾಸವನ್ನೂ ಸಮಯವನ್ನೂ ಬರೆದಿಟ್ಟುಕೊಳ್ಳಿ. ವಿಳಾಸವು ಪೆನ್‌ಡ್ರೈವಿನ ಅಕ್ಷರದಿಂದ (ಇ, ಎಫ್ ಇತ್ಯಾದಿ) ಆರಂಭವಾಗಿದ್ದರೆ ಸೋಂಕು ಹೊರಗಿನಿಂದ ಬಂದದ್ದು. ಸಿ ಡ್ರೈವಿನಲ್ಲಿ ಪ್ರೋಗ್ರಾಮುಗಳು ತಮ್ಮ ಮಾಹಿತಿ ಇಡುವ ‘ಆಪ್‌ಡೇಟಾ’ ಫೋಲ್ಡರ್ ಕಾಣಿಸಿದರೆ, ಕಂಪ್ಯೂಟರ್ ಶುರುವಾದೊಡನೆ ಓಡುವ ಪ್ರೋಗ್ರಾಮುಗಳ ಸ್ಟಾರ್ಟಪ್ ಪಟ್ಟಿಯಲ್ಲೋ, ನಿಗದಿತ ಸಮಯಕ್ಕೆ ಕೆಲಸ ನಡೆಸುವ ಟಾಸ್ಕ್ ಶೆಡ್ಯೂಲರಿನಲ್ಲೋ ಅಡಗಿರುವ ಇನ್ನೊಂದು ತುಣುಕು ಅದನ್ನು ಮತ್ತೆ ಮತ್ತೆ ತಂದಿಡುತ್ತಿದೆಯೆಂದು ಶಂಕಿಸಬೇಕು. ಆಗ ಇಂಟರ್ನೆಟ್ ಸಂಪರ್ಕ ಕಡಿದು, ವಿಂಡೋಸ್ ಪೂರ್ತಿ ತೆರೆದುಕೊಳ್ಳುವ ಮೊದಲೇ ಪರೀಕ್ಷಿಸುವ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ನಡೆಸಿ. ಬ್ಯಾಂಕಿನ ಮತ್ತು ಇಮೇಲಿನ ಪಾಸ್‌ವರ್ಡುಗಳನ್ನು ಬೇರೊಂದು ಶುದ್ಧ ಸಾಧನದಿಂದ ಬದಲಿಸಿ.

ಪೆನ್‌ಡ್ರೈವಿನಲ್ಲಿ ಫೋಲ್ಡರುಗಳ ಮೂಲೆಯಲ್ಲಿ ಪುಟ್ಟ ಬಾಣದ ಗುರುತು ಕಂಡರೆ ಕ್ಲಿಕ್ಕಿಸಬೇಡಿ. ಅದು ಶಾರ್ಟ್‌ಕಟ್, ಮೊದಲು ವೈರಸ್ಸನ್ನು ಓಡಿಸಿ, ಅನುಮಾನ ಬಾರದಂತೆ ಅನಂತರ ನಿಜವಾದ ಫೋಲ್ಡರನ್ನು ತೆರೆದು ತೋರಿಸುತ್ತದೆ. ವಿದ್ಯಾರ್ಥಿಯ ವರದಿ ಬಹುಮಟ್ಟಿಗೆ ಅಲ್ಲೇ ಮರೆಯಾಗಿರುತ್ತದೆ, ಆದ್ದರಿಂದ ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬಾರದು. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಕೊಡುವ ‘ಆಟ್ರಿಬ್’ (attrib) ಆದೇಶದಿಂದ ಅದನ್ನು ಮತ್ತೆ ಕಾಣುವಂತೆ ಮಾಡಬಹುದು.

ಎಚ್ಚರಿಕೆ ಬರಲಿಲ್ಲವೆಂದರೆ ಫೈಲು ಶುದ್ಧವೆಂದು ತಿಳಿಯಬೇಡಿ. ಗೊತ್ತಿರುವ ಫೈಲನ್ನು ಗುರುತಿಸುವ ಒಂದು ವಿಧಾನ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚು. ಎಸ್‌ಎಚ್‌ಎ-256 ಪದ್ಧತಿಯಲ್ಲಿ ಅದು 64 ಅಕ್ಷರ-ಅಂಕೆಗಳ ಸಾಲು. ಫೈಲಿನ ಒಂದೇ ಒಂದು ಬೈಟ್ ಬದಲಾದರೂ ಇಡೀ ಸಾಲು ಬೇರೆಯಾಗುವುದರಿಂದ, ಆಂಟಿವೈರಸ್ಸುಗಳು ಹ್ಯಾಶ್ ಒಂದನ್ನೇ ನೆಚ್ಚದೆ ಫೈಲಿನ ಒಳಗಿನ ಮಾದರಿಯನ್ನೂ ವರ್ತನೆಯನ್ನೂ ಗಮನಿಸುತ್ತವೆ. ಅನುಮಾನವಿದ್ದರೆ ಆ ಹ್ಯಾಶನ್ನು, ಹಲವು ಆಂಟಿವೈರಸ್ಸುಗಳ ತೀರ್ಪನ್ನು ಒಟ್ಟಿಗೆ ತೋರಿಸುವ ವೈರಸ್‌ಟೋಟಲ್ ಜಾಲತಾಣದಲ್ಲಿ ಹುಡುಕಿ, ಆದರೆ ಗ್ರಾಹಕರ ಫೈಲನ್ನೇ ಅಲ್ಲಿಗೆ ಏರಿಸಬೇಡಿ. ಏರಿಸಿದ್ದು ಇತರರಿಗೂ ಸಿಗುತ್ತದೆ.

ನನಗೆ ಹೆಚ್ಚು ಕಳವಳ ತಂದಿರುವುದು ಬೇರೆ ವಿಷಯ. ನಿಮ್ಮ ‘ಡೌನ್‌ಲೋಡ್ಸ್’ನಲ್ಲಿ ಊರಿನವರ ಆಧಾರ್, ಅಂಕಪಟ್ಟಿ, ಪಾಸ್‌ಬುಕ್ಕಿನ ಪ್ರತಿಗಳು ಉಳಿದಿರಬಹುದು. ಮುದ್ರಿಸಿದ ದಿನವೇ ಅವುಗಳನ್ನು ರೀಸೈಕಲ್ ಬಿನ್‌ನಿಂದಲೂ ಅಳಿಸಿ. ಹಣ ಹೋದದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ. ಸೋಂಕಿದ ಪೆನ್‌ಡ್ರೈವ್ ತಂದ ವಿದ್ಯಾರ್ಥಿಗೂ ವಿಷಯ ತಿಳಿಸಿ; ಅವರ ಮನೆಯ ಅಥವಾ ಕಾಲೇಜಿನ ಕಂಪ್ಯೂಟರ್ ಶುದ್ಧವಾಗದಿದ್ದರೆ ಅದೇ ವೈರಸ್ ನಾಡಿದ್ದು ಮತ್ತೆ ನಿಮ್ಮ ಅಂಗಡಿಗೇ ಬರುತ್ತದೆ.