ಕಾಡು ಹಸಿರಾಗೇ ಇದೆ, ಲೆಮೂರ್‌ಗೆ ಏನು ಕಷ್ಟ?

ಪ್ರಶ್ನೆ: ಟೀವಿಯಲ್ಲಿ ಮಡಗಾಸ್ಕರ್ ದ್ವೀಪದ ಲೆಮೂರ್‌ಗಳನ್ನು ನೋಡಿದೆ, ಮಂಗನ ಹಾಗೆ ಮರದ ಮೇಲಿರುವ ಪ್ರಾಣಿ. ಮರ ಕಡಿಯುವುದರಿಂದ ಅವು ಕಡಿಮೆಯಾಗುತ್ತಿವೆ ಅಂದರು. ಆದರೆ ತೋರಿಸಿದ ಕಾಡು ದಟ್ಟವಾಗೇ ಇತ್ತು. ನಮ್ಮಲ್ಲೂ ಕಾಡು ಕಡಿದಿದ್ದಾರೆ, ಮಂಗಗಳು ಮಾತ್ರ ಜಾಸ್ತಿಯಾಗಿ ತೋಟದಲ್ಲಿ ಏನನ್ನೂ ಉಳಿಸುತ್ತಿಲ್ಲ. ಹಾಗಾದರೆ ಲೆಮೂರ್‌ಗೆ ಯಾಕೆ ತೊಂದರೆ? ನಮ್ಮ ಕಾಡುಪಾಪವೂ ಲೆಮೂರ್ ಜಾತಿಯದೇ ಅಲ್ವಾ?
– ಅಡಿಕೆ ಬೆಳೆಗಾರರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಮಂಗನ ಕಾಟ ಅನುಭವಿಸಿದವರಿಗೇ ಗೊತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಮೂರನ್ನು ತೋಟಕ್ಕೆ ಬರುವ ಮಂಗನ ಪಕ್ಕ ಇಟ್ಟು ನೋಡಬೇಡಿ, ಶರಾವತಿ ಕಣಿವೆಯ ಸಿಂಗಳೀಕದ ಪಕ್ಕ ಇಟ್ಟು ನೋಡಿ. ಮಂಗ ನೆಲಕ್ಕಿಳಿಯುತ್ತದೆ, ರಸ್ತೆ ದಾಟುತ್ತದೆ, ಬಾಳೆಗೊನೆ ಇಲ್ಲದಿದ್ದರೆ ಬಿಸ್ಕತ್ತಾದರೂ ಆದೀತು ಅನ್ನುತ್ತದೆ. ಸಿಂಗಳೀಕಕ್ಕೆ ಹಾಗಲ್ಲ. ಮರದಿಂದ ಮರಕ್ಕೆ ದಾರಿ ಬೇಕು, ಹೆಬ್ಬಲಸಿನಂಥ ಹಣ್ಣಿನ ಮರ ಬೇಕು.

ಲೆಮೂರ್‌ಗಳಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲಕ್ಕೂ ಒಂದೇ ಉತ್ತರ ಹೊಂದುವುದಿಲ್ಲ. ಹೆಚ್ಚು ಪೆಟ್ಟು ಬೀಳುವುದು ಹಣ್ಣನ್ನೇ ನಂಬಿದವಕ್ಕೆ. ಕಪ್ಪು-ಬಿಳುಪಿನ ರಫ್ಡ್ ಲೆಮೂರ್ ಅಂತ ಒಂದಿದೆ. ಅದಕ್ಕೆ ದೊಡ್ಡ ಮರಗಳ ಹಣ್ಣು ಬೇಕು, ಮರಿ ಇಡುವ ಗೂಡಿಗೂ ಎತ್ತರದ ಮರವೇ ಬೇಕು. ಕಡಿಯಲು ಬಂದವರ ಕಣ್ಣು ಮೊದಲು ಬೀಳುವುದೂ ದೊಡ್ಡ ಮರದ ಮೇಲೆಯೇ. ಎಕರೆಗೆ ಒಂದೆರಡು ಹೋದರೆ ದೂರದಿಂದ ಕಾಡು ಹಸಿರಾಗೇ ಕಾಣುತ್ತದೆ, ನೀವು ಟೀವಿಯಲ್ಲಿ ಕಂಡ ಹಾಗೆ, ಆದರೆ ಈ ಲೆಮೂರ್ ಪಾಲಿಗೆ ಅದು ಅಂಗಡಿ ಮುಚ್ಚಿದ ಪೇಟೆ. ಹಣ್ಣು ಸಾಲದ ವರ್ಷ ಅದು ಮರಿ ಹಾಕದೇ ಇರುವುದೂ ಉಂಟು. ಇನ್ನೊಂದು ನಷ್ಟ ನಿಧಾನಕ್ಕೆ ಗೊತ್ತಾಗುತ್ತದೆ. ಈ ಲೆಮೂರ್ ಹಣ್ಣನ್ನು ಬೀಜ ಸಮೇತ ನುಂಗಿ ದೂರದಲ್ಲಿ ಹಿಕ್ಕೆ ಹಾಕುತ್ತದೆ. ಅದು ಹೋದರೆ ದಪ್ಪ ಬೀಜದ ಮರಗಳಿಗೆ ಬಿತ್ತುವವರೇ ಇಲ್ಲ.

ಎಲೆ ತಿನ್ನುವ ಲೆಮೂರ್‌ಗಳ ಕಥೆ ಬೇರೆ. ಮಡಗಾಸ್ಕರ್‌ನ ಪಶ್ಚಿಮದ ಒಣಕಾಡಿನಲ್ಲಿ ಸ್ವಲ್ಪ ಮಾತ್ರ ಮರ ಕಡಿದ ಕಡೆ ಬಿಸಿಲು ಬಿದ್ದು ಎಲೆಗಳಲ್ಲಿ ಪ್ರೋಟೀನ್ ಹೆಚ್ಚಿತ್ತು, ಅಲ್ಲಿ ಅವು ಕಡಿಮೆಯಾಗಲಿಲ್ಲ. ಕಡಿತ ಜಾಸ್ತಿಯಾದರೆ ಅವೂ ಸೋಲುತ್ತವೆ. ಹಾಗಾಗಿ 'ಮರ ಕಡಿದರೆ ಎಲ್ಲ ಲೆಮೂರೂ ಸಾಯುತ್ತವೆ' ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಅಂಗೈಯಲ್ಲಿ ಕೂರುವ ಮೌಸ್ ಲೆಮೂರ್‌ಗೆ ಬೇಕಾದದ್ದು ಮರದ ಪೊಟರೆ. ಮಳೆಯಿಲ್ಲದ ಒಣ ತಿಂಗಳುಗಳಲ್ಲಿ ಅದು ಪೊಟರೆಯ ತಂಪಿನಲ್ಲಿ ಮೈ ತಣ್ಣಗಾಗಿಸಿಕೊಂಡು, ಉಸಿರು ನಿಧಾನ ಮಾಡಿ, ಮೈಯ ಕೊಬ್ಬನ್ನು ಉಳಿಸುತ್ತದೆ. ಪೊಟರೆ ಇರುವುದು ಹಳೇ ಮರದಲ್ಲಿ. ಎಳೇ ಮರಗಳ ಕಾಡಿನಲ್ಲಿ ಪೊಟರೆ ಕಡಿಮೆ, ಸೆಕೆ ಜಾಸ್ತಿ, ಹಾಗಾಗಿ ಆ ಉಪಾಯ ನಡೆಯುವುದಿಲ್ಲ.

ಬೀಟೆ ಮರದ ವಿಷಯ ಹೇಳದಿದ್ದರೆ ಮಲೆನಾಡಿನವರಿಗೆ ಅರ್ಧ ಹೇಳಿದಂತೆ. ಮಡಗಾಸ್ಕರ್‌ನಲ್ಲೂ ನಮ್ಮ ಬೀಟೆಯ ಕುಲದ್ದೇ ಮರಗಳಿವೆ. 2009ರಲ್ಲಿ ಅಲ್ಲಿ ಸರ್ಕಾರ ಬಿದ್ದು ಗೊಂದಲವಾದಾಗ ಈಶಾನ್ಯದ ಮಸೋಆಲಾ, ಮರೊಜೆಜಿ ರಾಷ್ಟ್ರೀಯ ಉದ್ಯಾನಗಳಿಗೇ ನುಗ್ಗಿ ಕಡಿದರು. ಆ ಮರ ಭಾರ, ನೀರಿನಲ್ಲಿ ತೇಲುವುದಿಲ್ಲ. ಹೊಳೆಯಲ್ಲಿ ಸಾಗಿಸಲು ಹಗುರ ಮರಗಳನ್ನೂ ಕಡಿದು ತೆಪ್ಪ ಕಟ್ಟಬೇಕು. ಒಂದಕ್ಕೆ ಹಲವು! ಜೊತೆಗೆ ಕಾಡೊಳಗೆ ತಿಂಗಳುಗಟ್ಟಲೆ ಬಿಡಾರ ಹೂಡಿದವರು ಉರುಳು ಹಾಕಿ ಲೆಮೂರ್ ಹಿಡಿದು ತಿಂದರು. ಮರ ಕಡಿದದ್ದಕ್ಕಿಂತ ಆ ಬೇಟೆಯೇ ದೊಡ್ಡ ಹೊಡೆತ ಅಂತ ನನಗನಿಸುತ್ತದೆ, ಏಕೆಂದರೆ ಹೆಣ್ಣೊಂದು ಸತ್ತರೆ ಆ ಜಾಗ ತುಂಬಲು ವರ್ಷಗಳೇ ಬೇಕು.

ಸಿಂಗಳೀಕವೂ ಹಟ ಬಿಟ್ಟ ಜಾಗ ಒಂದಿದೆ. ತಮಿಳುನಾಡಿನ ವಾಲ್ಪಾರೈನಲ್ಲಿ ಟೀ ತೋಟಗಳ ಮಧ್ಯೆ ಉಳಿದ ತುಂಡು ಕಾಡಿನ ಸಿಂಗಳೀಕಗಳು ನೆಲಕ್ಕಿಳಿದು ಮನೆಗಳಿಗೆ ನುಗ್ಗುತ್ತಿವೆ, ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸಾಯುತ್ತಿವೆ. ಮಂಗನ ಬುದ್ಧಿ ಕಲಿತವು ಅನ್ನಿ, ಆದರೆ ಸುಮ್ನೆ ಕಲಿತದ್ದಲ್ಲ.

ಕಾಡುಪಾಪದ ಪ್ರಶ್ನೆ: ಲೆಮೂರ್ ಅಲ್ಲ, ಹತ್ತಿರದ ದಾಯಾದಿ. ಕಾಡಿನಲ್ಲಿ ಲೆಮೂರ್ ಇರುವುದು ಮಡಗಾಸ್ಕರ್ ಕಡೆ ಮಾತ್ರ.